ಬಾಯಿ ಮಾತು ಬಿಡಿ, ಮಗುವಿನ ಕೈಗೊಂದು ಕೆಲಸ ಕೊಡಿ

ನನ್ನ ಅಮ್ಮ ತಿ. ನರಸೀಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್ ಆಗಿದ್ದವರು. ದೇಶದಲ್ಲಿ 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಇದೇ ತಾಲ್ಲೂಕಿಗೆ. ಅಮ್ಮ ಕೆಲಸಕ್ಕೆ ಸೇರಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಒಂದೇ ಕೋಣೆ, ಇಪ್ಪತ್ತೈದು ಮಕ್ಕಳು. ಮಧ್ಯಾಹ್ನ ಹನ್ನೆರಡೂವರೆ ಆಗುತ್ತಿದ್ದ ಹಾಗೆ ಅಷ್ಟೂ ಮಕ್ಕಳು ಕೈ ತೊಳೆದು, ಸಾಲಾಗಿ ಕೂತು, ಸೊಪ್ಪಿನ ಸಾರು ಅನ್ನ ಉಂಡು ಏಳುತ್ತಿದ್ದವು.

ಇತ್ತ ನಾನು ಮೈಸೂರಿನ ಮನೆಯಲ್ಲಿ ಒಬ್ಬಳೇ ಮಗಳಿಗೆ ಒಂದು ಇಡ್ಲಿ ತಿನ್ನಿಸಲು ಮುಕ್ಕಾಲು ಗಂಟೆ ತಟ್ಟೆ ಹಿಡಿದು ಓಡುತ್ತಿದ್ದೆ. ಎರಡು ದಿನ ಇರಲು ಬಂದ ಅಮ್ಮ ಇದನ್ನು ನೋಡಿ ನಕ್ಕರು. "ಎಷ್ಟು ಮಾತಾಡ್ತೀಯ ಕಣವ್ವ ಆ ಮಗೂ ಜೊತೆ! ಬಾಯಿ ಮಾತು ಬಿಡು, ಅದರ ಕೈಗೊಂದು ಕೆಲ್ಸ ಕೊಡು."

ಈ ಲೇಖನದಲ್ಲಿರುವುದೆಲ್ಲ ಆ ಒಂದು ಮಾತನ್ನು ಹಿಡಿದು ನಾನು ಮಾಡಿ ನೋಡಿದ್ದು. ಸುಮಾರು ಎರಡರಿಂದ ಆರು ವರ್ಷದ ಮಕ್ಕಳಿರುವ ಮನೆಗೆ ಇದು ಹೊಂದುತ್ತದೆ.

ಮೊದಲ ನಾಲ್ಕು ದಿನ ಸುಮ್ನೆ ನೋಡಿ

ನಾಳೆಯಿಂದಲೇ ಎಲ್ಲ ಬದಲಾಯಿಸಿಬಿಡುತ್ತೇನೆ ಎಂದು ಹೊರಡಬೇಡಿ. ನಾಲ್ಕು ದಿನ ಏನೂ ಮಾಡದೆ ಗಮನಿಸಿ. ಜಗಳ ಯಾವ ಹೊತ್ತಿಗೆ ಆಗುತ್ತದೆ? ಆಗ ಮಗುವಿಗೆ ನಿದ್ದೆ ಬಂದಿರುತ್ತದಾ, ಹಸಿವಾಗಿರುತ್ತದಾ, ನಿಮಗೆ ಆಫೀಸಿಗೆ ತಡವಾಗಿರುತ್ತದಾ?

ನಮ್ಮನೆಯಲ್ಲಿ ಹಲ್ಲುಜ್ಜುವ ಜಗಳವೆಲ್ಲ ರಾತ್ರಿ ಒಂಬತ್ತೂವರೆಗೆ ಆಗುತ್ತಿತ್ತು. ಅಷ್ಟು ಹೊತ್ತಿಗೆ ಮಗಳಿಗೆ ತೂಕಡಿಕೆ. ಅವಳ ಹಟ ಬ್ರಷ್ಷಿನ ಮೇಲಲ್ಲ, ನಿದ್ದೆಗೆಟ್ಟಿದ್ದಕ್ಕೆ. ಊಟ ಆದ ಕೂಡಲೇ, ಎಂಟೂಕಾಲಿಗೆ, ಬ್ರಷ್ ಮಾಡಿಸಲು ಶುರು ಮಾಡಿದೆ. ಅರ್ಧ ಜಗಳ ಅಲ್ಲೇ ಮುಗಿಯಿತು.

ಒಂದೇ ಅಭ್ಯಾಸ ಹಿಡಿಯಿರಿ

ಕೈ ತೊಳೆಯುವುದೋ, ಹಲ್ಲುಜ್ಜುವುದೋ, ಯಾವುದಾದರೂ ಒಂದು. ಅದು ಸಲೀಸಾಗಿ ನಡೆಯುವವರೆಗೆ ಎರಡನೆಯದನ್ನು ಮುಟ್ಟಬೇಡಿ. ಎಷ್ಟು ದಿನ ಬೇಕು ಎಂದು ಕೇಳಿದರೆ, ಒಂದೊಂದು ಮಗು ಒಂದೊಂದು ಥರ. ನನ್ನ ಮಗಳಿಗೆ ಕೈ ತೊಳೆಯುವುದು ವಾರದಲ್ಲೇ ಬಂತು. ಹಲ್ಲುಜ್ಜುವುದಕ್ಕೆ ಎರಡು ತಿಂಗಳು ಹಿಡಿಯಿತು.

ಹೊಸ ಅಭ್ಯಾಸವನ್ನು ದಿನಾ ಹೇಗೂ ನಡೆಯುವ ಒಂದು ಕೆಲಸದ ಬಾಲಕ್ಕೆ ಕಟ್ಟಿ. ಚಪ್ಪಲಿ ಬಿಟ್ಟ ಮೇಲೆ ಕೈ ತೊಳೆಯುವುದು. ರಾತ್ರಿ ತಟ್ಟೆ ಸಿಂಕಿಗೆ ಹಾಕಿದ ಮೇಲೆ ಹಲ್ಲುಜ್ಜುವುದು. ಗಡಿಯಾರದ ಹೊತ್ತು ಮಕ್ಕಳಿಗೆ ತಿಳಿಯುವುದಿಲ್ಲ. ಒಂದಾದ ಮೇಲೆ ಒಂದು ಎಂಬುದು ಚೆನ್ನಾಗಿ ತಿಳಿಯುತ್ತದೆ.

"ಹಲ್ಲುಜ್ಜೋಣ್ವಾ?" ಎಂದು ಮಾತ್ರ ಕೇಳಬೇಡಿ. ಉತ್ತರ "ಬೇಡ" ಅಂತಲೇ ಬರುತ್ತದೆ. "ಕೆಂಪು ಬ್ರಷ್ಷೋ ಹಸಿರು ಬ್ರಷ್ಷೋ?" ಎಂದು ಕೇಳಿ. ಉಜ್ಜುವುದು ನಿಮ್ಮ ತೀರ್ಮಾನ, ಬಣ್ಣ ಅವರ ತೀರ್ಮಾನ. ಎರಡೇ ಆಯ್ಕೆ ಸಾಕು. ಮೂರನೆಯದು ಕೊಟ್ಟರೆ ನಾಲ್ಕನೆಯದು ಕೇಳುತ್ತಾರೆ!

ಇನ್ನು ಬಚ್ಚಲ ಕಡೆ ಒಮ್ಮೆ ಮಗುವಿನ ಎತ್ತರದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿ. ನಲ್ಲಿ ಎಟುಕುತ್ತದಾ? ಸೋಪು, ಟವೆಲ್? ಪ್ರತಿ ಸಲ ದೊಡ್ಡವರು ಎತ್ತಿಕೊಂಡು ಕೈ ತೊಳೆಸಿದರೆ ಆ ಕೆಲಸ ಮಗುವಿನದಾಗುವುದಿಲ್ಲ. ಜಾರದಂಥ ಗಟ್ಟಿ ಸ್ಟೂಲ್ ಒಂದನ್ನು ಅಲ್ಲಿಡಿ. ಟವೆಲ್ಲಿಗೆ ಕೆಳಗೊಂದು ಮೊಳೆ ಹೊಡೆಯಿರಿ. ನೂರು ಸಲ ಹೇಳುವುದಕ್ಕಿಂತ ಆ ಮೊಳೆ ಜಾಸ್ತಿ ಕೆಲಸ ಮಾಡುತ್ತದೆ.

ಕೈ ತೊಳೆಯಲು ಅರಿಶಿನದ ಜಾದೂ

"ಕೈಯಲ್ಲಿ ಕ್ರಿಮಿ ಇದೆ" ಎಂದರೆ ಮಕ್ಕಳು ಕೈ ನೋಡಿಕೊಂಡು "ಎಲ್ಲಿದೆ?" ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಈ ಆಟ.

ಅರ್ಧ ಚಮಚ ಅಡುಗೆ ಎಣ್ಣೆಗೆ ಒಂದು ಚಿಟಿಕೆ ಅರಿಶಿನ ಕಲಸಿ. ಮಗುವಿನ ಎರಡೂ ಅಂಗೈಗೆ ಸವರಿ. ಇವೇ ಕ್ರಿಮಿಗಳು ಎನ್ನಿ. ಮೊದಲು ಬರೀ ನೀರಿನಲ್ಲಿ ತೊಳೆಯಲು ಹೇಳಿ. ಹೋಗುವುದಿಲ್ಲ, ಹಾಗೇ ಹಳದಿ. ಈಗ ಸೋಪು ಕೊಡಿ. ಸಾಮಾನ್ಯ ಸೋಪಿನ ಬಿಲ್ಲೆ ತಾಕಿದ ಕೂಡಲೇ ಹಳದಿ ಕೆಂಪಗಾಗುತ್ತದೆ! ಆರತಿ ತಟ್ಟೆಯ ನೀರಿಗೆ ಅರಿಶಿನ, ಸುಣ್ಣ ಹಾಕಿದರೆ ಕೆಂಪಾಗುವುದೂ ಇದೇ ಕಾರಣಕ್ಕೆ. ಸೋಪೂ ಸುಣ್ಣವೂ ಕ್ಷಾರ, ಕ್ಷಾರ ಸೋಕಿದರೆ ಅರಿಶಿನ ಬಣ್ಣ ಬದಲಿಸುತ್ತದೆ. ಬಾಟಲಿಯಲ್ಲಿ ಬರುವ ಕೆಲವು ಹ್ಯಾಂಡ್‌ವಾಶ್‌ಗಳಲ್ಲಿ ಕ್ಷಾರ ಇರುವುದಿಲ್ಲ, ಅದಕ್ಕೇ ಬಿಲ್ಲೆ ಸೋಪೇ ತೊಗೊಳ್ಳಿ.

ಕೆಂಪು ಎಲ್ಲೆಲ್ಲಿ ಉಳಿದಿದೆ ಎಂದು ಮಗುವೇ ಹುಡುಕಲಿ. ಬೆರಳ ಸಂದಿ, ಹೆಬ್ಬೆರಳ ಸುತ್ತ, ಉಗುರಿನ ಬುಡ. ದೊಡ್ಡವರೂ ತೊಳೆಯಲು ಮರೆಯುವ ಜಾಗಗಳು ಇವೇ ಅಲ್ವಾ? ಅರಿಶಿನದ ಕಲೆ ಒಂದೆರಡು ದಿನ ಸ್ವಲ್ಪ ಉಳಿಯಬಹುದು, ಹಳೇ ಬಟ್ಟೆ ಹಾಕಿ ಮಾಡಿ.

ಈ ಆಟ ಒಂದು ದಿನ ಆಡಿದರೆ ಸಾಕು. ಮಿಕ್ಕ ದಿನ ನೊರೆಯ ಕೈಗವಸು ತೊಡುವ ಆಟ. ಮಣಿಕಟ್ಟಿನವರೆಗೆ ಬಿಳಿ ನೊರೆ ಬರಬೇಕು, ಇಪ್ಪತ್ತು ಎಣಿಸಬೇಕು, ಆಮೇಲಷ್ಟೇ ನೀರು. ಕನಿಷ್ಠ 20 ಸೆಕೆಂಡ್ ಉಜ್ಜಬೇಕು ಎಂಬುದು ಎಲ್ಲ ಕಡೆ ಹೇಳುವ ಲೆಕ್ಕ. ಉಣ್ಣುವ ಮೊದಲು, ಕಕ್ಕಸಿಗೆ ಹೋಗಿ ಬಂದ ಮೇಲೆ, ಹೊರಗಿನಿಂದ ಬಂದಾಗ, ನಾಯಿ ಬೆಕ್ಕು ಮುಟ್ಟಿದಾಗ. ಎಣಿಸುವಾಗ ನಲ್ಲಿ ನಿಲ್ಲಿಸುವ ಕೆಲಸ ಮಗುವಿನದು. ನೀರು ಉಳಿಸುವುದು ಅದರ ಜೊತೆಗೇ ಬಂದುಬಿಡುತ್ತದೆ.

ಬಾಯೊಳಗೆ ಇಪ್ಪತ್ತು ದೋಸೆ

ಎಲ್ಲ ಬಂದ ಮೇಲೆ ಹಾಲುಹಲ್ಲು 20. ಮೇಲೆ ಹತ್ತು, ಕೆಳಗೆ ಹತ್ತು. ಎರಡೂವರೆ ಮೂರು ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಅಷ್ಟೂ ಬಂದಿರುತ್ತವೆ. ನಮ್ಮನೆಯಲ್ಲಿ ಒಂದೊಂದು ಹಲ್ಲೂ ಒಂದೊಂದು ಕಾವಲಿ. ಬ್ರಷ್ಷೇ ಸೌಟು. ದೋಸೆ ಹಿಟ್ಟು ಹರಡುವ ಹಾಗೆ ಪ್ರತಿ ಹಲ್ಲಿನ ಮೇಲೂ ಸಣ್ಣ ಸಣ್ಣ ಸುತ್ತು. "ಇದು ಅಜ್ಜಿಗೆ ದೋಸೆ, ಇದು ತಾತನಿಗೆ, ಇದು ಸೋದರಮಾವನಿಗೆ." ಒಂದು ದೋಸೆಗೆ ಆರು ಸೆಕೆಂಡ್ ಆದರೆ ಇಪ್ಪತ್ತು ದೋಸೆಗೆ ಎರಡು ನಿಮಿಷ. ಹಲ್ಲಿನ ಡಾಕ್ಟರು ಹೇಳುವುದೂ ಅಷ್ಟೇ: ಎರಡು ನಿಮಿಷ, ದಿನಕ್ಕೆ ಎರಡು ಸಲ. ನೆಂಟರಿಷ್ಟರು ಜಾಸ್ತಿ ಇರುವ ಮನೆಗೆ ಈ ಆಟ ಇನ್ನೂ ಚೆನ್ನ. ಹದಿನಾಲ್ಕನೇ ದೋಸೆಗೆ ಯಾರೂ ಸಿಗದೆ ನಾವು ಹಾಲಿನವರಿಗೂ ಕೊಟ್ಟಿದ್ದಿದೆ.

ಆಟದ ಹಿಂದೆ ಕೆಲವು ವಿಷಯ ಗಟ್ಟಿಯಾಗಿ ನೆನಪಿಡಿ. ಮೂರು ವರ್ಷದೊಳಗಿನವರಿಗೆ ಪೇಸ್ಟು ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷಕ್ಕೆ ಬಟಾಣಿ ಕಾಳಿನಷ್ಟು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಹಾವಿನಂತೆ ಹಿಂಡುತ್ತಾರಲ್ಲ, ಅದು ಮಕ್ಕಳಿಗಲ್ಲ. ಪೇಸ್ಟ್ ಹಚ್ಚುವುದು ದೊಡ್ಡವರ ಕೆಲಸ, ಮುಚ್ಚಳ ತಿರುಗಿಸಿ ಹಾಕುವುದು ಮಗುವಿನ ಕೆಲಸ. ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಎಲ್ಲ ಹಲ್ಲನ್ನೂ ಸರಿಯಾಗಿ ಉಜ್ಜುವ ಹಿಡಿತ ಇರುವುದಿಲ್ಲ. ಅದಕ್ಕೆ ಮೊದಲು ಅವರು ಉಜ್ಜಿಕೊಳ್ಳಲಿ, ಆಮೇಲೆ ನೀವು "ದೋಸೆ ಬೆಂದಿದೆಯಾ ನೋಡ್ತೀನಿ" ಎಂದು ಇನ್ನೊಂದು ಸುತ್ತು ಹಾಕಿ. ತೀರಾ ಕುಣಿಯುವ ಮಗುವಾದರೆ ತೊಡೆ ಮೇಲೆ ತಲೆ ಇಟ್ಟು ಮಲಗಿಸಿಕೊಳ್ಳಿ. ಹಿಂದಿನ ದವಡೆ ಆಗಲೇ ಸರಿಯಾಗಿ ಕಾಣುವುದು.

"ಹೇಗೂ ಬಿದ್ದುಹೋಗೋ ಹಲ್ಲು" ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಹಾಲು ದವಡೆ ಹಲ್ಲು ಹತ್ತು ಹನ್ನೆರಡು ವರ್ಷದವರೆಗೂ ಇರುತ್ತದೆ. ಅಷ್ಟು ವರ್ಷ ಹುಳುಕು ಹಲ್ಲಿನಲ್ಲಿ ಅಗಿಯುವ ಮಗುವನ್ನು ನೋಡಿದ್ದರೆ ಆ ಮಾತು ಬರುವುದಿಲ್ಲ.

ಊಟ: ಇಲ್ಲಿ ಅವಸರ ಬೇಡ

ಎಲ್ಲಕ್ಕಿಂತ ಕಷ್ಟದ ಜಾಗ ಇದು. ಇಲ್ಲಿ ನಾನು ಮಾಡದ ತಪ್ಪಿಲ್ಲ.

ಮೊದಲ ತಪ್ಪು, ಬಚ್ಚಿಡುವುದು. ಪಾಲಕ್ ರುಬ್ಬಿ ದೋಸೆ ಹಿಟ್ಟಿಗೆ ಸೇರಿಸಿ, "ಸೊಪ್ಪಿಲ್ಲ ಪುಟ್ಟಿ" ಎಂದು ಸುಳ್ಳು ಹೇಳಿದೆ. ಮೂರನೇ ದಿನ ಮಿಕ್ಸಿ ಜಾರಿನಲ್ಲಿ ಹಸಿರು ನೋಡಿಬಿಟ್ಟಳು. ಅಲ್ಲಿಂದ ಒಂದು ತಿಂಗಳು ಬಿಳಿ ದೋಸೆಯನ್ನೂ ಅನುಮಾನದಿಂದ ನೋಡುತ್ತಿದ್ದಳು. ಸೊಪ್ಪು ರುಬ್ಬಿ ಹಾಕುವುದು ತಪ್ಪಲ್ಲ, ಹೇಳಿ ಹಾಕಿ. ಆಮೇಲೆ ನಾವು ಅದೇ ದೋಸೆಗೆ "ಗಿಳಿ ದೋಸೆ" ಎಂದು ಹೆಸರಿಟ್ಟೆವು. ಬೀಟ್ರೂಟ್ ಹಾಕಿದ್ದು "ಓಕುಳಿ ದೋಸೆ". ಹಿಟ್ಟಿಗೆ ಬಣ್ಣ ಸುರಿಯುವುದು ಅವಳ ಕೆಲಸ. ತಾನೇ ಸುರಿದದ್ದನ್ನು ತಾನೇ ತಿಂದಳು.

ಎರಡನೇ ತಪ್ಪು, ಎರಡು ಸಲ ಬೇಡ ಎಂದದ್ದನ್ನು "ಇವಳಿಗೆ ಸೇರಲ್ಲ" ಎಂದು ಪಟ್ಟಿಯಿಂದ ತೆಗೆದುಬಿಡುವುದು. ಹೊಸ ರುಚಿ ಒಪ್ಪಲು ಮಕ್ಕಳಿಗೆ ಹತ್ತು ಹದಿನೈದು ಸಲ ಅದು ಕಣ್ಣಿಗೆ, ನಾಲಿಗೆಗೆ ಬೀಳಬೇಕಾಗಬಹುದು. ಆದ್ದರಿಂದ ತಟ್ಟೆಯ ಮೂಲೆಯಲ್ಲಿ ಒಂದು ಚಿಟಿಕೆ ಪಲ್ಯ ಇರಲಿ. ತಿನ್ನು ಎನ್ನಬೇಡಿ. ಪಕ್ಕದಲ್ಲೊಂದು ಖಾಲಿ ಬಟ್ಟಲಿಟ್ಟು, "ರುಚಿ ನೋಡು, ಬೇಡ ಅನ್ನಿಸಿದ್ರೆ ಇದರಲ್ಲಿ ಉಗುಳಬಹುದು" ಎನ್ನಿ. ಉಗುಳಲು ಅಪ್ಪಣೆ ಸಿಕ್ಕಿತು ಎಂದರೆ ಬಾಯಿಗೆ ಹಾಕಲು ಧೈರ್ಯ ಬರುತ್ತದೆ. ಅತ್ತೆಯವರಿಗೆ ಇದು ಮೊದಲು ಸರಿಬರಲಿಲ್ಲ. ಅನ್ನ ಉಗುಳುವುದು ಎಂದರೇನು! ಹುರುಳಿಕಾಯಿ ಪಲ್ಯ ಏಳನೇ ಸಲಕ್ಕೆ ಗಂಟಲಿಳಿದ ಮೇಲೆ ಅವರೇ ಬಟ್ಟಲು ತಂದಿಡುತ್ತಾರೆ.

ಮೂರನೆಯದು ಹೊಟ್ಟೆಯ ಲೆಕ್ಕ. ಏನು ಕೊಡಬೇಕು, ಯಾವಾಗ ಕೊಡಬೇಕು ಎಂಬುದು ನಿಮ್ಮ ಕೈಯಲ್ಲಿರಲಿ. ಎಷ್ಟು ತಿನ್ನಬೇಕು ಎಂಬುದನ್ನು ಮಗುವಿಗೆ ಬಿಡಿ. ಎರಡೂವರೆ ಮೂರು ಗಂಟೆಗೊಮ್ಮೆ ಊಟವೋ ತಿಂಡಿಯೋ ಕೊಡಿ, ನಡುವೆ ನೀರು ಬಿಟ್ಟು ಬೇರೇನೂ ಬೇಡ. ನಡುನಡುವೆ ಬಿಸ್ಕತ್ತು, ಬೇಕೆಂದಾಗಲೆಲ್ಲ ಹಾಲು ಕೊಟ್ಟರೆ ಊಟದ ಹೊತ್ತಿಗೆ ಹಸಿವೆಲ್ಲಿಂದ ಬರಬೇಕು? ಈ ವಯಸ್ಸಿಗೆ ದಿನಕ್ಕೆ ಎರಡು ಲೋಟ, ಅಂದರೆ 400ರಿಂದ 500 ಮಿ.ಲೀ. ಹಾಲು ಸಾಕು. ಅದಕ್ಕಿಂತ ಜಾಸ್ತಿಯಾದರೆ ಹೊಟ್ಟೆ ಹಾಲಿನಲ್ಲೇ ತುಂಬಿ, ಕಬ್ಬಿಣದ ಅಂಶ ಇರುವ ಊಟ ಒಳಗೆ ಹೋಗುವುದಿಲ್ಲ, ರಕ್ತ ಕಡಿಮೆಯಾಗುತ್ತದೆ. ಸೊಪ್ಪು, ಕಾಳಿನ ಸಾರಿಗೆ ನಿಂಬೆಹಣ್ಣು ಹಿಂಡುವ ಕೆಲಸವನ್ನೂ ಮಗುವಿಗೇ ಕೊಡಿ. ನಿಂಬೆಯ ಹುಳಿ ಆ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ.

ಮಗು ಸರಿಯಾಗಿ ತಿನ್ನುತ್ತಿದೆಯೇ ಎಂಬುದನ್ನು ತಟ್ಟೆ ನೋಡಿ ಅಳೆಯಬೇಡಿ. ತಾಯಿ ಕಾರ್ಡಿನಲ್ಲಿರುವ ತೂಕದ ಗೆರೆ ನೋಡಿ. ಗೆರೆ ಮೇಲೇರುತ್ತಿದ್ದರೆ, ಮಗು ಆಡಿಕೊಂಡಿದ್ದರೆ, ಒಂದು ಹೊತ್ತು ಕಡಿಮೆ ಉಂಡರೆ ಏನೂ ಆಗುವುದಿಲ್ಲ. ಗೆರೆ ನಿಂತರೆ, ಅಥವಾ ಮಗು ನಾಲ್ಕೈದು ಪದಾರ್ಥ ಬಿಟ್ಟು ಬೇರೆ ಯಾವುದನ್ನೂ ಬಾಯಿಗೇ ಇಡದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಈಗ ಅಡುಗೆಮನೆ ಕೆಲಸಗಳು. ಎರಡು ವರ್ಷದ ಮಗು ಸೊಪ್ಪು ಬಿಡಿಸಬಲ್ಲದು, ಕೊತ್ತಂಬರಿ ಮುರಿಯಬಲ್ಲದು. ಮೂರಕ್ಕೆ ಬಾಳೆಲೆ ಮೇಲೆ ಅಕ್ಕಿರೊಟ್ಟಿ ತಟ್ಟಿ ನಡುವೆ ಬೆರಳಿಂದ ತೂತು ಮಾಡಬಲ್ಲದು. (ನಮ್ಮನೆ ರೊಟ್ಟಿಗೆ ಒಂಬತ್ತು ತೂತು ಇರುತ್ತದೆ. ಇರಲಿ ಬಿಡಿ.) ನಾಲ್ಕಕ್ಕೆ ಕೋಸಂಬರಿ ಕಲಸಬಲ್ಲದು, ಬಾಳೆಹಣ್ಣು ಚೂರು ಮಾಡಬಲ್ಲದು. ಇವೆಲ್ಲದರ ರಾಜ ಅವರೆಕಾಳು ಹಿಚುಕುವುದು. ಡಿಸೆಂಬರ್, ಜನವರಿಯಲ್ಲಿ ಸೊನೆ ಅವರೆ ಬಂದಾಗ ನೆನೆಸಿದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪಟ್ ಅಂತ ಹಾರುತ್ತದೆ. ದುಡ್ಡು ಕೊಟ್ಟರೂ ಇಂಥ ಆಟದ ಸಾಮಾನು ಸಿಗುವುದಿಲ್ಲ. ಆದರೆ ಪಕ್ಕದಲ್ಲೇ ಕೂತಿರಿ, ಕಾಳು ಮೂಗಿಗೆ, ಕಿವಿಗೆ ಹೋಗುವುದು ಒಂದು ಕ್ಷಣದ ಕೆಲಸ. ಹಾಗೆಯೇ ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಕಾಯಿ ಬೀಜ ಬೇಡ, ಪುಡಿ ಮಾಡಿ ಕೊಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ. ಇಡಿಯಾಗಿ ನುಂಗಿದರೆ ಉಸಿರಿನ ದಾರಿಗೆ ಸಿಕ್ಕಿಕೊಳ್ಳುತ್ತದೆ.

ಜಾಗವಿದ್ದರೆ ಒಂದು ಹಳೇ ಡಬ್ಬದಲ್ಲಿ ಮೆಂತ್ಯ ಬಿತ್ತಿ. ರಾತ್ರಿ ನೆನೆಸಿ ಬೆಳಗ್ಗೆ ಮಣ್ಣಿಗೆ ಹಾಕಿದರೆ ಮೂರು ನಾಲ್ಕು ದಿನಕ್ಕೆ ಮೊಳಕೆ ತಲೆ ಎತ್ತುತ್ತದೆ. ಮಕ್ಕಳ ತಾಳ್ಮೆಗೆ ಸರಿಹೊಂದುವ ಗಿಡ. ಕಹಿ ಮೆಂತ್ಯ ಸೊಪ್ಪನ್ನು ಮಗಳು ಬಾಯಿಗಿಟ್ಟ ಮೊದಲ ದಿನ, ಅದು ಅವಳೇ ಬೆಳೆದದ್ದು ಎಂಬುದು ಬಿಟ್ಟರೆ ಬೇರೆ ಕಾರಣ ಇರಲಿಲ್ಲ.

ಕೊನೆಗೊಂದು ಹಳೇ ಉಪಾಯ. ಅಮ್ಮನ ಅಂಗನವಾಡಿಯ ಗುಟ್ಟು ಸಾಲಾಗಿ ಕೂರಿಸುವುದರಲ್ಲೂ ಇತ್ತು. ಪಕ್ಕದ ಮಗು ತಿನ್ನುವುದನ್ನು ನೋಡಿ ಈ ಮಗು ತಿನ್ನುತ್ತದೆ. ನಮ್ಮ ಅಜ್ಜಿಯರ ಕೈತುತ್ತಿನ ಗುಟ್ಟೂ ಅದೇ. ಸುತ್ತ ಕೂತ ಏಳೆಂಟು ಮೊಮ್ಮಕ್ಕಳಿಗೆ ಸರದಿಯಲ್ಲಿ ತುತ್ತು, ನನ್ನ ಸರದಿ ಯಾವಾಗ ಬರುತ್ತದೋ ಎಂದು ಕೈ ಚಾಚಿ ಕಾಯುವುದು. ಈಗ ಮನೆಗೊಂದೇ ಮಗು. ವಾರಕ್ಕೊಂದು ಸಂಜೆ ಪಕ್ಕದ ಮನೆ ಮಕ್ಕಳನ್ನು ಕರೆದು ಕೂರಿಸಿ, ಹುಳಿಯನ್ನ ಕಲಸಿ ಕೈತುತ್ತು ಹಾಕಿ ನೋಡಿ. ನೀವೂ ಅದೇ ಪಾತ್ರೆಯಿಂದ ತಿನ್ನಬೇಕು ಮತ್ತೆ. ಅಪ್ಪ ಹಾಗಲಕಾಯಿ ಪಕ್ಕಕ್ಕೆ ತಳ್ಳಿದರೆ ಮಗುವೂ ತಳ್ಳುತ್ತದೆ.

ಲಂಚ ಮತ್ತು ಗುಮ್ಮ

"ಸೊಪ್ಪು ತಿಂದ್ರೆ ಚಾಕಲೇಟ್" ಎಂದಾಗ ಮಗುವಿಗೆ ಕೇಳಿಸುವುದು ಏನು? ಸೊಪ್ಪು ಶಿಕ್ಷೆ, ಚಾಕಲೇಟ್ ಬಹುಮಾನ. ನಾವೇ ಬಾಯಿಬಿಟ್ಟು ಹೇಳಿಕೊಟ್ಟಂತಾಯಿತು.

ಗೋಡೆಗೆ ಸ್ಟಾರ್ ಚಾರ್ಟ್ ಅಂಟಿಸುವುದು ಅಷ್ಟು ಕೆಟ್ಟದ್ದಲ್ಲ, ಶುರುವಿನ ಎರಡು ವಾರಕ್ಕೆ ಪರವಾಗಿಲ್ಲ. ನಮ್ಮನೆಯಲ್ಲಿ ಹನ್ನೊಂದನೇ ದಿನ ಮಗಳು "ನಂಗೆ ಸ್ಟಾರೂ ಬೇಡ, ಬ್ರಷ್ಷೂ ಬೇಡ" ಎಂದು ಲೆಕ್ಕ ಚುಕ್ತಾ ಮಾಡಿದಳು. ಅದಕ್ಕಿಂತ, ಕಂಡದ್ದನ್ನು ಹೇಳಿ: "ಇವತ್ತು ನಾನು ಹೇಳೋ ಮೊದಲೇ ಸ್ಟೂಲ್ ಎಳ್ಕೊಂಡು ಹೋದೆ, ನೋಡಿದೆ ಕಣೋ." ಬರೀ "ಗುಡ್ ಬಾಯ್"ಗಿಂತ ಇದು ಮಕ್ಕಳಿಗೆ ತಾಕುತ್ತದೆ.

ಗುಮ್ಮ ಬರ್ತಾನೆ, ಪೊಲೀಸ್ ಹಿಡ್ಕೊಂಡು ಹೋಗ್ತಾರೆ, ಡಾಕ್ಟರ್ ಸೂಜಿ ಚುಚ್ತಾರೆ, ಇವೆಲ್ಲ ದಯವಿಟ್ಟು ಬಿಡಿ. ಜ್ವರ ಬಂದ ದಿನ ಅದೇ ಡಾಕ್ಟರ ಮುಂದೆ ಮಗುವನ್ನು ಹಿಡಿದು ಕೂರಬೇಕಾದವರು ನೀವೇ.

ಓಡಾಟ

ಇದಕ್ಕೆ ಹೆಚ್ಚು ಹೇಳುವುದೇನಿಲ್ಲ, ಮಕ್ಕಳು ಹೇಗೂ ಓಡುತ್ತಾರೆ, ತಡೆಯುವವರು ನಾವು. ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 180 ನಿಮಿಷ ಮೈ ಅಲುಗಾಡಬೇಕು, ಅದರಲ್ಲಿ 60 ನಿಮಿಷ ಚೆನ್ನಾಗಿ ಏದುಸಿರು ಬರುವ ಆಟವಾಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಒಂದೇ ಸಲ ಆಗಬೇಕಿಲ್ಲ. ಸೀಮೆಸುಣ್ಣದಲ್ಲಿ ವರಾಂಡದ ಮೇಲೆ ಕುಂಟೆಬಿಲ್ಲೆ ಬರೆದಿಡಿ, ಹೋಗುವಾಗ ಬರುವಾಗ ಕುಂಟುತ್ತಾರೆ. ಬಚ್ಚಲಿಗೆ ಕಪ್ಪೆಯಾಗಿ ಹೋಗಲಿ. ಮೊಸರು ತರಲು ಸ್ಕೂಟರ್ ತೆಗೆಯದೆ ನಡೆದುಕೊಂಡು ಹೋಗಿ, ಚೀಲ ಹಿಡಿಯುವ ಕೆಲಸ ಮಗುವಿಗಿರಲಿ. ಸಂಜೆ ಲಗೋರಿ, ಕಣ್ಣಾಮುಚ್ಚಾಲೆಗೆ ನೀವೂ ಇಳಿದರೆ ನಿಮ್ಮ ಸೊಂಟಕ್ಕೂ ಒಳ್ಳೆಯದು.

ಫೋನು ಮಲಗಿದರೆ ಮಗು ಮಲಗುತ್ತದೆ

ಅದೇ ಸಂಸ್ಥೆಯ ಲೆಕ್ಕದಲ್ಲಿ ಎರಡು ವರ್ಷ ತುಂಬುವವರೆಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷಕ್ಕೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಮೂರು ನಾಲ್ಕು ವರ್ಷದವರಿಗೆ ನಿದ್ದೆ, ಹಗಲಿನದೂ ಸೇರಿ, 10ರಿಂದ 13 ಗಂಟೆ ಬೇಕು.

ಫೋನನ್ನು ಕಸಿದುಕೊಂಡರೆ ಯುದ್ಧ. ನಾವು ಒಂದು ಚಪ್ಪಲಿ ಡಬ್ಬಕ್ಕೆ ಹಳೇ ಪಂಚೆ ತುಂಡು ಹಾಸಿ ಫೋನಿಗೆ ಹಾಸಿಗೆ ಮಾಡಿದೆವು. ಎಂಟು ಗಂಟೆಗೆ ಮನೆಯ ಎಲ್ಲರ ಫೋನನ್ನೂ ಮಲಗಿಸಿ, ಹೊದಿಸಿ, ಜೋಜೋ ಹೇಳುವುದು ಮಗಳ ಕೆಲಸ. "ಎಲ್ಲರ" ಎಂಬುದು ಮುಖ್ಯ. ಒಂದು ದಿನ ನನ್ನ ಗಂಡ ಎಂಟೂವರೆಗೆ ಸದ್ದಿಲ್ಲದೆ ಡಬ್ಬಕ್ಕೆ ಕೈ ಹಾಕಿದರು. "ಅಪ್ಪ, ಅದು ಎದ್ದುಬಿಡತ್ತೆ!" ಎಂದು ಗದರಿಸಿಕೊಂಡರು. ಫೋನು ಮಲಗಿದ ಮೇಲೆ ಸ್ನಾನವೋ, ಕೈಕಾಲು ತೊಳೆಯುವುದೋ, ಮಂದ ದೀಪ, ಕಥೆ. ಅದೇ ಕಾಗೆ ಗುಬ್ಬಿ ಕಥೆ ನಲವತ್ತನೇ ಸಲ ಕೇಳಿದರೂ ಹೇಳಿ. ಮುಂದೆ ಏನಾಗುತ್ತದೆ ಎಂದು ಗೊತ್ತಿರುವ ಕಥೆಗೇ ಬೇಗ ನಿದ್ದೆ ಬರುವುದು.

ಲಯ ತಪ್ಪಿದಾಗ

ತಪ್ಪಿಯೇ ತಪ್ಪುತ್ತದೆ. ಜ್ವರ ಬಂತು, ಊರಿನಲ್ಲಿ ಮದುವೆ, ನಾಲ್ಕು ದಿನ ಸಿಹಿ, ರಾತ್ರಿ ಹನ್ನೆರಡಕ್ಕೆ ನಿದ್ದೆ. ವಾಪಸ್ಸು ಬಂದ ಮೇಲೆ ಬೈಯದೆ, ಎಲ್ಲವನ್ನೂ ಒಟ್ಟಿಗೆ ಎಳೆಯದೆ, ಮೊದಲು ನಿದ್ದೆಯ ಹೊತ್ತನ್ನು ಸರಿ ಮಾಡಿ. ದಿನಕ್ಕೆ ಕಾಲು ಗಂಟೆ ಹಿಂದಕ್ಕೆ ತಂದರೆ ಸಾಕು. ನಿದ್ದೆ ಸರಿಹೋದ ಮೇಲೆ ದೋಸೆ ಆಟಕ್ಕೆ ಮಗು ತಾನೇ ಬರುತ್ತದೆ.

ದೊಡ್ಡ ತಡೆ ಮನೆಯೊಳಗಿನ ಪ್ರೀತಿಯಿಂದಲೂ ಬರಬಹುದು. ನಮ್ಮ ಮಾವನವರು ದಿನಾ ಸಂಜೆ ವಾಕಿಂಗ್ ಮುಗಿಸಿ ಬರುವಾಗ ಜೇಬಿನಲ್ಲಿ ಚಾಕಲೇಟ್ ತರುತ್ತಿದ್ದರು. ಬೇಡ ಎಂದರೆ ಮುಖ ಸಪ್ಪಗಾಗುತ್ತಿತ್ತು. ಕೊನೆಗೆ ಅಮ್ಮನ ಸೂತ್ರವನ್ನು ಅವರಿಗೂ ಹಾಕಿದೆ. "ಮಾವ, ದಿನಾ ಒಂದು ಹಣ್ಣು ಆರಿಸೋಕೆ ಇವಳಿಗೆ ನೀವೇ ಕಲಿಸಬೇಕು" ಎಂದೆ. ಈಗ ತಾತ ಮೊಮ್ಮಗಳು ಇಬ್ಬರೂ ಗಾಡಿಯ ಮುಂದೆ ನಿಂತು ಒಂದೊಂದು ಸೀಬೆಹಣ್ಣನ್ನೂ ಮೂಸಿ ನೋಡುತ್ತಾರೆ. ಹಣ್ಣಿನ ಗಾಡಿಯವನಿಗೆ ಸ್ವಲ್ಪ ಕಾಟ, ಅಷ್ಟೇ.